ದೋಟಿಗೆ ಸಿಕ್ಕ ಲ್ಯಾಪ್‌ಟಾಪ್

ಕಳೆದ ಗುರುವಾರ ಸಂಜೆ ಐದೂ ಮುಕ್ಕಾಲಿಗೆ, ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಇಳಿಯಲು ಬರುತ್ತಿದ್ದ ವಿಮಾನವೊಂದರ ಕಿಟಕಿಯಿಂದ ಪಿಳ್ಳಣ್ಣ ನುಗ್ಗೆಕಾಯಿ ಕೀಳುವ ದೋಟಿಯಲ್ಲಿ ಒಂದು ಲ್ಯಾಪ್‌ಟಾಪನ್ನು ಕಿತ್ತುಕೊಂಡ. ವಿಮಾನ ಅಷ್ಟು ಕೆಳಗೆ ಹಾರುತ್ತಿತ್ತು. ಎಷ್ಟು ಕೆಳಗೆಂದರೆ, ಒಳಗೆ ಹಂಚುತ್ತಿದ್ದ ಉಪ್ಪಿಟ್ಟಿಗೆ ಒಗ್ಗರಣೆ ಸಾಲದೆಂದು ಮರದ ಮೇಲಿದ್ದ ಪಿಳ್ಳಣ್ಣನಿಗೆ ವಾಸನೆಯಲ್ಲೇ ಗೊತ್ತಾಯಿತು. ಯಾರೋ ಕಿಟಕಿ ಪಕ್ಕ ಕೂತು ಲ್ಯಾಪ್‌ಟಾಪ್ ಒತ್ತುತ್ತಿದ್ದರು. ಪಿಳ್ಳಣ್ಣ ದೋಟಿ ಚಾಚಿದ, ಕೊಕ್ಕೆ ಹಾಕಿದ, ಒಂದು ಸಲ ತಿರುವಿದ. ಕಾಯಿ ಬಿದ್ದಷ್ಟೇ ಸಲೀಸಾಗಿ ಅದು ಬಂದು ಅವನ ಮಡಿಲಿಗೆ ಬಿತ್ತು. ಪೈಲಟ್ಟು ವಿಮಾನವನ್ನು ಒಂದು ನಿಮಿಷ ಅಲ್ಲೇ ನಿಲ್ಲಿಸಿ, ತಲೆ ಹೊರಗೆ ಹಾಕಿ, "ಯಾರಿಗೆ ಯಜಮಾನ್ರೇ?" ಎಂದು ಕೇಳಿದ. "ಮೊಮ್ಮಗಳಿಗೆ," ಎಂದ ಪಿಳ್ಳಣ್ಣ. "ಹಂಗಾದ್ರೆ ಇಟ್ಕೊಳ್ಳಿ," ಎಂದು ಕೈಮುಗಿದು ಪೈಲಟ್ಟು ಗೇರು ಬದಲಾಯಿಸಿದ.

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ತನ್ನ ಮೀಸೆ ಉದುರಿಹೋಗಲಿ ಎಂದು ಪಿಳ್ಳಣ್ಣ ಭಾನುವಾರ ಬೆಳಿಗ್ಗೆ ಮನೆಯ ಜಗಲಿಯ ಮೇಲೆ ಕೂತು ಆಣೆ ಇಟ್ಟ. ಮೀಸೆ ಉದುರಲಿಲ್ಲ. ಇಂಥ ಆಣೆಗಳು ಅದಕ್ಕೂ ಅಭ್ಯಾಸವಾಗಿಹೋಗಿದ್ದವು.

ಕೇಳುತ್ತಿದ್ದವರು ಮೂರು ಜನ. ಹೆಂಡತಿ ಅಕ್ಕಯಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಪಕ್ಕದ ಮನೆಯ ಆವಲಪ್ಪ ಕಾಫಿ ಲೋಟ ಹಿಡಿದು ಕಂಬಕ್ಕೆ ಒರಗಿದ್ದ. ಒಂದನೇ ಕ್ಲಾಸಿನಿಂದ ಪಿಳ್ಳಣ್ಣನ ಜೊತೆ ಕೂತು, ಇಲ್ಲಿಯವರೆಗೆ ಅವನ ಒಂದು ಮಾತನ್ನೂ ನಂಬದೆ, ಒಂದು ಮಾತನ್ನೂ ತಪ್ಪಿಸಿಕೊಳ್ಳದೆ ಬಂದ ಮನುಷ್ಯ. ಮೂರನೆಯವಳು ಮೊಮ್ಮಗಳು ಅಕ್ಷತ, ಏಳನೇ ಕ್ಲಾಸು. ಅವಳ ಅಪ್ಪ ಅಮ್ಮ ಇಬ್ಬರೂ ಬೆಳಗಿನ ಶಿಫ್ಟಿಗೆ ಹೋಗಿದ್ದರು. ಅವಳ ಕಣ್ಣು ತಾತನ ಬಾಯಿಯ ಮೇಲಿರಲಿಲ್ಲ. ತಾತನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿಟ್ಟಿದ್ದ ಚಪ್ಪಟೆ ವಸ್ತುವಿನ ಮೇಲಿತ್ತು.

"ಯಾವ ಮರ ಹತ್ತಿದ್ಯೋ ಪಿಳ್ಳ?" ಆವಲಪ್ಪ ಕೇಳಿದ.

"ನಿಮ್ಮ ಹಿತ್ಲ ನುಗ್ಗೆ ಮರ ಕಣೋ."

"ಅದನ್ನ ಹೋದ್ ವರ್ಷ ಯುಗಾದಿಗೆ ಮುಂಚೇನೇ ಕಡಿಸ್ಬಿಟ್ನಲ್ಲೋ!"

"ಅದಕ್ಕೇ ನಾನು ಹತ್ತಿದ್ದು. ಇರೋ ಮರಾನ ಯಾವನ್ ಬೇಕಾದ್ರೂ ಹತ್ತುತಾನೆ."

ಪಿಳ್ಳಣ್ಣ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ. ಅವನ ಪ್ರಕಾರ ಅವನು ಬೆಳಿಗ್ಗೆ ಎದ್ದು ನಿಂತು ಸೆಲ್ಯೂಟ್ ಹೊಡೆಯದಿದ್ದರೆ ಒಳಗೆ ಒಂದು ಮೆಷಿನ್ನೂ ತಿರುಗುವುದಿಲ್ಲ. ಒಂದು ದಿನ ಗೇಟಿಗೆ ಚಿರತೆ ಬಂದಿತ್ತು. ಐಡಿ ಕಾರ್ಡು ತೋರಿಸು ಎಂದು ಪಿಳ್ಳಣ್ಣ ಕೈ ಅಡ್ಡ ಹಿಡಿದ. ಚಿರತೆ ನಾಚಿಕೊಂಡು ಹಿಂದಕ್ಕೆ ಹೋಯಿತು, ಮರುದಿನ ಕಾರ್ಡು ಮಾಡಿಸಿಕೊಂಡು ಬಂತು. ಈ ಕಥೆಯನ್ನು ಅಕ್ಷತ ಯುಕೆಜಿಯಲ್ಲಿ ನಂಬಿದ್ದಳು. ಒಂದನೇ ಕ್ಲಾಸಿಗೆ ಬರುವಷ್ಟರಲ್ಲಿ, ಚಿರತೆಯ ಫೋಟೋ ತೆಗೆದವರು ಯಾರು ಎಂದು ಕೇಳಲು ಶುರುಮಾಡಿದ್ದಳು.

ಆರು ತಿಂಗಳ ಹಿಂದೆ ಅವಳ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಮಕ್ಕಳು ನಲವತ್ತು, ಕಂಪ್ಯೂಟರ್ ಒಂದು. ವಾರಕ್ಕೆ ಒಬ್ಬೊಬ್ಬರಿಗೆ ಹತ್ತು ನಿಮಿಷ, ಅದರಲ್ಲೂ ಕರೆಂಟು ಇದ್ದರೆ. ಅಕ್ಷತ ಮನೆಗೆ ಬಂದವಳೇ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ, ಸ್ಕೆಚ್ ಪೆನ್ನಿನಲ್ಲಿ ಕೀಬೋರ್ಡು ಬರೆದಳು. ಒಂದು ಅಕ್ಷರವನ್ನೂ ಬಿಡಲಿಲ್ಲ, ಕೆಳಗಿನ ಉದ್ದದ ಗುಂಡಿಯನ್ನೂ ಬಿಡಲಿಲ್ಲ. ಅದನ್ನು ರಟ್ಟಿಗೆ ಅಂಟಿಸಿ, ದಿನಾ ಸಂಜೆ ಜಗಲಿಯ ಮೇಲೆ ಕೂತು ಬೆರಳಾಡಿಸುತ್ತಿದ್ದಳು. ಗುಂಡಿ ಸದ್ದು ಮಾಡುವುದಿಲ್ಲವಲ್ಲ, ಆ ಟಕಟಕವನ್ನೂ ಬಾಯಲ್ಲೇ ಮಾಡುತ್ತಿದ್ದಳು. ಶಿಫ್ಟು ಮುಗಿಸಿ ಬಂದ ಪಿಳ್ಳಣ್ಣ ಅದನ್ನು ನೋಡಿ, ಚಪ್ಪಲಿ ಬಿಡುವುದಕ್ಕೂ ಮುಂಚೆ ಮಾತು ಬಿಟ್ಟಿದ್ದ.

"ಸಂಕ್ರಾಂತಿ ಒಳಗೆ ನಿಜವಾದ್ದು ತಂದ್ಕೊಡ್ತೀನಿ ಬಿಡು ಅಕ್ಸತ."

"ಅಕ್ಸತ ಅಲ್ಲ ತಾತ, ಅಕ್ಷತ! ಮಧ್ಯದಲ್ಲಿ ಎಚ್ ಇದೆ."

"ಅದೇ ಕಣವ್ವ ನಾನೂ ಹೇಳಿದ್ದು, ಅಕ್ಸತ."

ಅವಳು ರಟ್ಟಿನಿಂದ ತಲೆ ಎತ್ತದೆ ಕೇಳಿದ್ದಳು. "ನಿಜವಾದ್ದು ಅಂದ್ರೆ, ಚಿರತೆ ಥರಾನಾ ತಾತ?"

ಆವತ್ತು ಪಿಳ್ಳಣ್ಣನಿಗೆ ಎರಡನೇ ಮುದ್ದೆ ಇಳಿಯಲಿಲ್ಲ. ಅವನ ಲೆಕ್ಕದಲ್ಲಿ ಅವನು ದಿನಾ ಹದಿನಾಲ್ಕು ಮುದ್ದೆ ತಿನ್ನುವವನು. ಆದ್ದರಿಂದ ಇದು ಸಣ್ಣ ಮಾತಲ್ಲ.

ಈಗ ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇರುವಾಗಲೇ ಅವನು ಟವೆಲು ಬಿಚ್ಚಿದ. ಕರಿಯ ಬಣ್ಣದ ಲ್ಯಾಪ್‌ಟಾಪು. ಒಂದು ಮೂಲೆ ಸ್ವಲ್ಪ ಸವೆದಿತ್ತು. ವಿಮಾನದ ಕಿಟಕಿ ತರಚಿದ್ದು ಎಂದು ಪಿಳ್ಳಣ್ಣ ಯಾರೂ ಕೇಳದಿದ್ದರೂ ಹೇಳಿದ. ಅಕ್ಷತ ಮುಚ್ಚಳ ತೆರೆದು, ಒಂದೇ ಒಂದು ಬೆರಳನ್ನು ಒಂದು ಗುಂಡಿಯ ಮೇಲಿಟ್ಟು ಮೆಲ್ಲಗೆ ಒತ್ತಿದಳು.

"ಅಜ್ಜೀ! ಒತ್ತಿದ್ರೆ ಒಳಗೆ ಹೋಗ್ತವೆ!"

ಆರು ತಿಂಗಳು ಕಾಗದ ಒತ್ತಿದ ಬೆರಳು ಅದು. ಪಿಳ್ಳಣ್ಣನ ಎದೆ ಉಬ್ಬಿ, ಅಂಗಿಯ ಗುಂಡಿಗಳು ಕಿತ್ತು ರಸ್ತೆಯಾಚೆಯ ಟ್ರಾನ್ಸ್‌ಫಾರ್ಮರಿಗೆ ಬಡಿದು ಊರಿಗೆಲ್ಲ ಕರೆಂಟು ಹೋಯಿತು. ಕರೆಂಟು ಹೋಗಿದ್ದಂತೂ ನಿಜ. ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಪಿಳ್ಳಣ್ಣನಿಗೆ ಯಾವುದನ್ನೂ ಸಣ್ಣದಾಗಿ ಮುಗಿಸಿ ಅಭ್ಯಾಸವಿಲ್ಲ.

"ಲೇ, ಪೂಜೆ ಮಾಡ್ದೆ ಹೆಂಗೆ? ಹೊಸ ಲಾರಿ ಬಂದ್ರೆ ಹೆಂಗ್ ಮಾಡ್ತೀವೋ ಹಂಗೇ ಆಗ್ಬೇಕು. ಅರಿಶಿನ, ಕುಂಕುಮ, ತೆಂಗಿನಕಾಯಿ. ಚಕ್ರದ ಕೆಳಗೆ ನಿಂಬೆಹಣ್ಣು!"

"ಇದಕ್ಕೆಲ್ಲಿದಾವ್ರೀ ಚಕ್ರ?" ಎಂದಳು ಅಕ್ಕಯಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

"ಇಂಟರ್‌ನೆಟ್ಟಲ್ಲಿ ಓಡೋದಲ್ವೇನೇ ಇದು? ಓಡೋದು ಅಂದ್ಮೇಲೆ ಚಕ್ರ ಇರ್ದೆ ಇರುತ್ತಾ? ಕೆಳಗಡೆ ನಾಲ್ಕು ರಬ್ಬರ್ ಐತೆ ನೋಡು. ಒಂದೊಂದಕ್ಕೆ ಒಂದೊಂದು ನಿಂಬೆಹಣ್ಣು ಇಟ್ಬಿಡು."

ಅಕ್ಕಯಮ್ಮ ಒಳಗಿನಿಂದ ಕುಂಕುಮದ ಬಟ್ಟಲನ್ನೂ ನಾಲ್ಕು ನಿಂಬೆಹಣ್ಣನ್ನೂ ತಂದಳು. ನಾಲ್ಕು ರಬ್ಬರು ಎಲ್ಲೆಲ್ಲಿವೆ ಎಂದು ನೋಡಲು ಅಕ್ಷತ ಲ್ಯಾಪ್‌ಟಾಪನ್ನು ಮುಚ್ಚಿ ಮಗುಚಿದಳು. ರಬ್ಬರು ನಾಲ್ಕೂ ಇದ್ದವು. ನಡುವೆ ಬಿಳಿಯದೊಂದು ಚೀಟಿಯೂ ಇತ್ತು. ಪಿಳ್ಳಣ್ಣ ಅಂಗೈಯಿಂದ ಅದನ್ನು ಮುಚ್ಚಲು ಹೋದ, ಆದರೆ ಏಳನೇ ಕ್ಲಾಸಿನವರ ಕಣ್ಣು ಅರವತ್ತೊಂದರ ಕೈಗಿಂತ ಬೇಗ ಓಡುತ್ತದೆ.

"ತಾತ, ನಿಮ್ಮ ಫ್ಯಾಕ್ಟ್ರಿ ಹೆಸರಿದೆ. ಕೆಳಗೆ ಸ್ಟೋರ್ಸ್, ಹದಿನೇಳು ಅಂತಿದೆ."

ಕುಂಕುಮಕ್ಕೆ ಬೆರಳದ್ದಿದ್ದ ಅಕ್ಕಯಮ್ಮನ ಕೈ ಹಾಗೇ ನಿಂತಿತು.

"ಫ್ಯಾಕ್ಟ್ರಿ ಮಾಲು ನಮ್ಮನೇಗೆ ಹೆಂಗ್ರೀ ಬಂತು?"

"ಅದು... ಆ ವಿಮಾನ ನಮ್ಮ ಫ್ಯಾಕ್ಟ್ರೀದೇ ಕಣೇ."

ಆವಲಪ್ಪನಿಗೆ ಕಾಫಿ ನೆತ್ತಿಗೇರಿತು. ಅಕ್ಕಯಮ್ಮ ಮಾತ್ರ ನಗಲಿಲ್ಲ. "ಇಷ್ಟು ವರ್ಷ ಬಾಯಿ ಏನ್ ಬೇಕಾದ್ರೂ ಹೇಳ್ತು, ಕೇಳ್ಕೊಂಡೆ. ಕೈಯೂ ಹಿಂಗೆ ಮಾಡುತ್ತೆ ಅಂತ ತಿಳಿದಿರ್ಲಿಲ್ಲ. ಗೇಟ್ ಕಾಯೋರು ಗೇಟಿಂದ ಮಾಲು ತರೋದಾ? ನಿಜ ಹೇಳಿ. ಇಲ್ದಿದ್ರೆ ಹನ್ನೊಂದು ಗಂಟೆ ಬಸ್ಸಿಗೆ ನಾನೇ ಹೋಗಿ ಇದನ್ನ ಆಫೀಸಲ್ಲಿ ಇಟ್ಟು, ತಪ್ಪಾಯ್ತು ಅಂತ ಹೇಳ್ಬರ್ತೀನಿ."

"ಕದ್ದಿಲ್ಲ ಕಣೇ!"

"ಮತ್ತೆ ಎಲ್ಲಿಂದ ತಂದ್ರಿ?"

ಪಿಳ್ಳಣ್ಣ ಬಾಯಿ ತೆರೆದ. ಎಂದೂ ಕೈಕೊಡದ ಬಾಯಿ, ಅವನ ಮಾತಿನಲ್ಲೇ ಹೇಳುವುದಾದರೆ ಮೂರು ತಾಲ್ಲೂಕಿಗೆ ಸಾಲುವ ಬಾಯಿ, ಅವತ್ತು ಬರಿದಾಗಿ ತೆರೆದುಕೊಂಡೇ ನಿಂತಿತು. ನಿಜ ಹೇಳಿದರೆ ಆವಲಪ್ಪನ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ಲ್ಯಾಪ್‌ಟಾಪು ಬಸ್ಸು ಹತ್ತುತ್ತದೆ.

ಅಷ್ಟರಲ್ಲಿ ಅಕ್ಷತ ಅದನ್ನು ಮತ್ತೆ ತೆರೆದು ಸ್ವಿಚ್ಚು ಒತ್ತಿದ್ದಳು. ಪರದೆ ಬೆಳಗಿತು. ಅದರ ಬೆಳಕು ಅವಳ ಮುಖಕ್ಕೂ ಬಂತು.

"ತಾತ, ಪಾಸ್‌ವರ್ಡ್ ಕೇಳ್ತಿದೆ."

"ನಿನ್ನ ಹೆಸರೇ ಕಣವ್ವ," ಎಂದುಬಿಟ್ಟ ಪಿಳ್ಳಣ್ಣ.

"ಓಹೋಹೋ!" ಆವಲಪ್ಪ ಲೋಟ ಕೆಳಗಿಟ್ಟ. "ವಿಮಾನದಲ್ಲಿ ಕೂತಿದ್ದೋನಿಗೆ ನಿನ್ನ ಮೊಮ್ಮಗಳ ಹೆಸರು ಹೆಂಗ್ ಗೊತ್ತಾಯ್ತು ಗುರು?"

ಅಕ್ಷತ ತನ್ನ ಹೆಸರು ಒತ್ತಿದಳು. ತಪ್ಪು ಎಂದಿತು. ದೊಡ್ಡ ಅಕ್ಷರದಲ್ಲಿ ಒತ್ತಿದಳು. ತಪ್ಪು. ನಿಧಾನವಾಗಿ, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಒತ್ತಿದಳು. ಮತ್ತೂ ತಪ್ಪು. ಅವಳು ಮುಚ್ಚಳ ಹಾಕಿದಳು. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಮೊದಲಿದ್ದ ಹಾಗೇ ಸುತ್ತಿ ಅಜ್ಜಿಯ ಕಡೆ ಸರಿಸಿದಳು.

"ಇದೂ ಚಿರತೇನೇ. ವಾಪಸ್ ಕೊಟ್ಬಾ ಅಜ್ಜಿ," ಎಂದು ಒಳಗೆ ಹೋಗಿ ತನ್ನ ರಟ್ಟು ತಂದು ಮಂಡಿಯ ಮೇಲೆ ಇಟ್ಟುಕೊಂಡಳು. ಬೆರಳಾಡಿಸಿದಳು. ಬಾಯಲ್ಲಿ ಟಕಟಕ ಸದ್ದು ಮಾತ್ರ ಮಾಡಲಿಲ್ಲ.

ಪಿಳ್ಳಣ್ಣ ಸ್ವಲ್ಪ ಹೊತ್ತು ಆ ಸದ್ದಿಗೆ ಕಾದ. ಅದು ಬರಲಿಲ್ಲ. ಆಮೇಲೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ, ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ, ಟವೆಲು ಬಿಚ್ಚಿ ಲ್ಯಾಪ್‌ಟಾಪು ತೆರೆದ. ಬಲಗೈಯ ತೋರುಬೆರಳು ಗುಂಡಿಗಳ ಮೇಲೆ ಹದ್ದಿನ ಹಾಗೆ ಸುತ್ತಿ ಸುತ್ತಿ, ಬೇಕಾದದ್ದು ಕಂಡಾಗ ಎರಗಿತು. ಒಂದು. ತುಟಿ ಅಲ್ಲಾಡಿತು. ಎರಡು. ಹೀಗೆ ಆರು ಸಲ. ಪರದೆ ತೆರೆದುಕೊಂಡಿತು. ಹಸಿರು ಗುಡ್ಡ, ನೀಲಿ ಆಕಾಶ.

ಅಕ್ಷತ ರಟ್ಟು ಬಿಟ್ಟು ಹತ್ತಿರ ಸರಿದಳು.

"ತಾತ, ನೀನು ಆರೇ ಸಲ ಒತ್ತಿದ್ದು. ನನ್ನ ಹೆಸರಿಗೆ ಏಳು ಅಕ್ಷರ. ಎಚ್ ಎಲ್ಲಿ?"

"ಎಚ್ ಇಲ್ಲ ಕಣವ್ವ. ನಾನು ಕರೆಯೋ ಹಂಗೇ ಹಾಕ್ದೆ. ಅಕ್ಸತ."

"ನೀನೇ ಹಾಕ್ದ್ಯಾ? ನಿಂಗೆ ಟೈಪ್ ಮಾಡಕ್ಕೆ ಬರುತ್ತಾ?"

ಪಿಳ್ಳಣ್ಣ ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆ ಮಡಿಸಿದ ಕಾಗದವೊಂದನ್ನು ತೆಗೆದು ಅಕ್ಕಯಮ್ಮನ ಮುಂದಿಟ್ಟ. ಗೇಟ್ ಪಾಸು. ಕೆಳಗೆ ಸೀಲು, ಸಹಿ, ಅವನ ಹೆಸರು. "ಫ್ಯಾಕ್ಟ್ರೀಗೆ ಹೊಸವು ಬಂದ್ವು. ಹಳೇವನ್ನ ಕೆಲಸಗಾರರಿಗೇ ಕೊಡ್ತೀವಿ, ಆದ್ರೆ ಕಂಪ್ಯೂಟರ್ ಕ್ಲಾಸಿಗೆ ಕೂತು ಪಾಸ್ ಮಾಡಿದೋರಿಗೆ ಮಾತ್ರ ಅಂದ್ರು. ಕೂತೆ."

"ಓವರ್‌ಟೈಮು, ಫಾರಿನ್ನಿಂದ ಗೆಸ್ಟ್ ಬಂದವ್ರೆ, ನಾನಿಲ್ದಿದ್ರೆ ಗೇಟೇ ತೆಗೆಯಲ್ಲ ಅಂತ ಲೇಟಾಗಿ ಬರ್ತಿದ್ರಲ್ಲ ನಾಲ್ಕು ತಿಂಗ್ಳು, ಅದಾ?" ಅಕ್ಕಯಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅದೇ. ಪಾಠ ಹೇಳೋದು ಯಶಸ್ವಿನಿ ಮೇಡಂ, ಇಪ್ಪತ್ನಾಲ್ಕು ವರ್ಷದ ಹುಡುಗಿ. ಪಕ್ಕದಲ್ಲಿ ಕೂತೋರೆಲ್ಲ ನಿನ್ನೆ ಮೊನ್ನೆ ಮೀಸೆ ಬಂದೋರು. ನನ್ನ ಬೆರಳು ಒಂದು ಗುಂಡಿ ಒತ್ತಿದ್ರೆ ಪಕ್ಕದ ಮೂರು ಒತ್ಕೊಂಬಿಡೋವು."

ಅಕ್ಕಯಮ್ಮ ಕುಂಕುಮದ ಬೆರಳನ್ನು ಮೊದಲು ಲ್ಯಾಪ್‌ಟಾಪಿನ ಬೆನ್ನಿಗೆ ಒತ್ತಿದಳು. ಅದೇ ಬೆರಳನ್ನು ಹಾಗೇ ತಂದು ಗಂಡನ ಹಣೆಗೂ ಒತ್ತಿದಳು. ಆಮೇಲೆ ನಾಲ್ಕು ರಬ್ಬರಿನ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ಲ್ಯಾಪ್‌ಟಾಪು ಆಗತಾನೆ ಹುಟ್ಟಿದ ಕರುವಿನ ಹಾಗೆ ತಡವರಿಸಿ ನಿಂತಿತು. ಅಕ್ಷತ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು.

"ಅಲ್ವೋ ಪಿಳ್ಳ," ಎಂದ ಆವಲಪ್ಪ, ಅವನ ದನಿಯಲ್ಲಿ ಮೊದಲ ಸಲ ಗೇಲಿ ಇರಲಿಲ್ಲ. "ಅರವತ್ತೊಂದರಲ್ಲಿ ಕಂಪ್ಯೂಟರ್ ಪಾಸ್ ಮಾಡಿದೀಯ. ಇದಕ್ಕಿಂತ ದೊಡ್ಡ ಬಡಾಯಿ ಇನ್ನೇನ್ ಬೇಕಾಗಿತ್ತೋ? ಇದನ್ನ ಬಿಟ್ಟು ನನ್ನ ಇಲ್ದಿರೋ ಮರ ಯಾಕೋ ಹತ್ತಿದೆ?"

ಪಿಳ್ಳಣ್ಣ ಮೀಸೆಯ ತುದಿ ತೀಡಿದ.

"ಹೇಳ್ಬಹುದಾಗಿತ್ತು ಕಣೋ. ಆದ್ರೆ ಮಧ್ಯದಲ್ಲಿ ಒಂದ್ಸಲ ಫೇಲಾಗ್ಬಿಟ್ಟೆ. ಅದನ್ನೂ ಹೇಳ್ಬೇಕಾಗ್ತಿತ್ತಲ್ಲ."

"ಒಂದೇ ಸಲಾನಾ ತಾತ?" ಅಕ್ಷತ ಅವನನ್ನೇ ನೋಡುತ್ತ ಕೇಳಿದಳು.

"ಎರಡು ಅಂತಿಟ್ಕೋ."

ಅವಳು ನೋಡುತ್ತಲೇ ಇದ್ದಳು. ಬೆರಳು ಎಚ್ ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು.

"ಮೂರು," ಎಂದ ಪಿಳ್ಳಣ್ಣ. "ಮೂರು ಸಲ ಫೇಲು, ನಾಲ್ಕನೇದು ಪಾಸು. ಇದಕ್ಕೆ ಮೀಸೆ ಆಣೆ ಬೇಡ ಕಣವ್ವ, ಇದು ನಿಜಾನೇ."