ಟರ್ಕಿ ಜಾರಿಸುವ ಆಟ

“ಏ ಮುದುಕಿ, ಹಕ್ಕಿ ಕುಯ್ಯಕ್ ಬಂದಿದ್ದೀಯೋ, ಅದುಕ್ಕೆ ಜೋಗುಳ ಹಾಡಕ್ ಬಂದಿದ್ದೀಯೋ? ಕೈ ಆಡ್ಸೇ!”

ಸೂಪರ್‌ವೈಸರ್ ಕರ್ಟ್‌ನ ಬೆಳಗಿನ ಆಶೀರ್ವಾದ ಹೀಗೇ ಶುರುವಾಗುವುದು. ನಾನು ತಲೆ ಎತ್ತಲಿಲ್ಲ. ಪುಕ್ಕ ಕಿತ್ತು ತಲೆ ತೆಗೆದ ಟರ್ಕಿ ಕೋಳಿಗಳು ಬೆಲ್ಟಿನ ಮೇಲೆ ಒಂದರ ಹಿಂದೊಂದು ಬರುತ್ತಲೇ ಇದ್ದವು. ನನ್ನ ಪಕ್ಕದಲ್ಲಿ ಒರಾಲಿಯಾ ಹಲ್ಲು ಕಚ್ಚಿಕೊಂಡು ಚಾಕು ಎಳೆಯುತ್ತಿದ್ದಳು. ಕರ್ಟ್ ಬೈದದ್ದು ನನ್ನನ್ನೇ ಆದರೂ ಅವನ ಕಣ್ಣಿದ್ದದ್ದು ಅವಳ ಕೈಮೇಲೆ. ಅದು ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

ಕಂಪನಿ ಅಂದರೆ ದೊಡ್ಡದೇನಲ್ಲ. ಅಮೆರಿಕದ ಮಿನೆಸೋಟಾದ ನಮ್ಮ ಊರಾಚೆ ಒಂದು ತಗಡಿನ ಶೆಡ್ಡು, ಒಂದು ಕೋಲ್ಡ್ ಸ್ಟೋರೇಜು, ನಲವತ್ತು ಜನ ಕೂಲಿಗಳು. ಮಾಲೀಕ ಕೆಂಡಲ್. ನಾನೂ ಅವನೂ ಒಂದೇ ಶಾಲೆಯಲ್ಲಿ ಓದಿದವರು. ಮೂಗಿಗೆ ಹಾಕಿದ ಬೆರಳನ್ನು ಹಾಗೇ ಬಾಯಿಗೆ ಇಡುತ್ತಿದ್ದ ಹುಡುಗ. ಅಪ್ಪ ಸತ್ತು ಕಂಪನಿ ಕೈಗೆ ಬಂದ ಮೇಲೆ ಅದೇ ಬೆರಳನ್ನು ನಮ್ಮ ಕಡೆ ತೋರಿಸಿ ಮಾತಾಡುವುದು ಕಲಿತ. ವರ್ಷಕ್ಕೊಂದು ಹೊಸ ಪಿಕಪ್ ಗಾಡಿ ತರುತ್ತಾನೆ. ಹೆಂಗಸರ ಕಕ್ಕಸಿನ ಬಾಗಿಲಿಗೆ ಮಾತ್ರ ಇವತ್ತಿಗೂ ಚಿಲಕವಿಲ್ಲ.

ಹಾಗಂತ ನಾವೇನು ದಿನವಿಡೀ ಅಳುತ್ತಾ ಕೂರುತ್ತಿರಲಿಲ್ಲ. ಬಿಡುವಿನಲ್ಲಿ ಒರಾಲಿಯಾ ಜೋಳದ ಸಿಪ್ಪೆಯಲ್ಲಿ ಸುತ್ತಿದ ತಮಾಲೆ ಕಡುಬನ್ನು ಕಂಪ್ರೆಸರಿನ ಮೇಲಿಟ್ಟು ಬೆಚ್ಚಗೆ ಮಾಡಿ ಎಲ್ಲರಿಗೂ ಹಂಚುತ್ತಿದ್ದಳು. ಅವಳದು ಗ್ವಾಟೆಮಾಲಾದ ಗುಡ್ಡಗಾಡು. ಅವಳ ಊರಿನ ಖಾರ ಬಾಯಿಗೆ ಬಿದ್ದರೆ ಮೂಗಲ್ಲಿ ನೀರು ಬರಬೇಕು, ಹಾಗಿರುತ್ತಿತ್ತು. ಎದೆಮಾಂಸ ಬಿಡಿಸುವ ಸೋಮಾಲಿ ಹೆಂಗಸು ಹೋಡಾನ್, ಬೆಲ್ಟಿನ ಮೇಲೆ ಬರುವ ಹಕ್ಕಿಗಳಿಗೆ ಹೆಸರಿಡುತ್ತಿದ್ದಳು. ಸೊಟ್ಟ ಕಾಲಿನದು ಅವಳ ಮೊದಲ ಗಂಡ, ಹೊಟ್ಟೆ ಊದಿದ್ದು ಕರ್ಟ್. ಶುಕ್ರವಾರ ಸಂಜೆ ಊರಿನ ಬಾರಿನಲ್ಲಿ ಮಾಂಸದ ಲಾಟರಿ ಎತ್ತುತ್ತಾರೆ. ವಾರವೆಲ್ಲ ಮಾಂಸ ಕುಯ್ದವರೇ ಹೋಗಿ, ಬಿಯರ್ ಕುಡಿದು, ಒಂದು ತಟ್ಟೆ ಮಾಂಸಕ್ಕೆ ಚೀಟಿ ಹಿಡಿದು ಬಾಯಿ ಬಿಟ್ಟುಕೊಂಡು ಕಾಯುತ್ತೇವೆ. ನಮ್ಮ ಬಾಳಿಗೆ ನಾವೇ ನಗದಿದ್ದರೆ ಇನ್ಯಾರು ನಗಬೇಕು?

ಒರಾಲಿಯಾಳ ಬಲಗೈ ಬೇಸಿಗೆಯಿಂದಲೇ ಸತ್ತುಹೋಗುತ್ತಿತ್ತು. ಮೊದಲು ರಾತ್ರಿ ಜುಮುಗುಟ್ಟುತ್ತಿದ್ದ ಬೆರಳುಗಳು ಈಗ ಮಡಚಲೂ ಒಲ್ಲವು. ದಿನಾ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಅವಳ ಅಂಗೈಗೆ ಚಾಕುವಿನ ಹಿಡಿಯನ್ನು ಟೇಪು ಸುತ್ತಿ ಬಿಗಿದು, ಅಲಗು ಹೊರಬರಲು ತೂತು ಮಾಡಿದ ಗ್ಲೌಸನ್ನು ಟೇಪು ಕಾಣದಂತೆ ಮೇಲೆ ಎಳೆಯುತ್ತಿದ್ದೆ. ಕೆಲಸದಿಂದ ಕೈ ಕೆಟ್ಟಿತು ಎಂದು ಬಾಯಿ ಬಿಟ್ಟರೆ ಕಾನೂನಿನ ಪ್ರಕಾರ ಚಿಕಿತ್ಸೆಯ ಖರ್ಚು ಕಂಪನಿಯ ತಲೆಗೆ ಬರುತ್ತದೆ. ಅದಕ್ಕೇ ಕೈ ಕೆಟ್ಟವರನ್ನು, ಅವರು ಬಾಯಿ ಬಿಡುವ ಮುಂಚೆಯೇ ಏನಾದರೊಂದು ನೆಪ ಹುಡುಕಿ ಓಡಿಸುವುದು ನಮ್ಮಲ್ಲಿ ನಡೆದುಬಂದ ಕ್ರಮ. ಹೋದ ವರ್ಷ ಫಿಲ್ಲಿಸ್ ಎಂಬುವಳನ್ನು “ಅಶಿಸ್ತು” ಎಂದು ತೆಗೆದರು. ಅವಳು ಮಾಡಿದ ಅಶಿಸ್ತೆಂದರೆ ಚಾಕು ಕೈಜಾರಿ ಕೆಳಗೆ ಬಿದ್ದದ್ದು.

“ಅಕ್ಕ, ಇವತ್ತು ಆಟ ಐತಲ್ಲ” ಎಂದಳು ಒರಾಲಿಯಾ ಮೆಲ್ಲಗೆ.

“ಹೊಟ್ಟೆನೋವು ಅಂತ ಕಕ್ಕಸಲ್ಲೇ ಕೂತ್ಕೊ.”

“ಆ ಕರ್ಟ್ ಬಾಗ್ಲಿಗೇ ಬರ್ತಾನೆ ಕಣಕ್ಕ. ನಾಚ್ಕೆ ಇಲ್ಲದ ನಾಯಿ.”

ಆಟವೆಂದರೆ, ಮನೆಮನೆಯಲ್ಲೂ ಟರ್ಕಿ ಬೇಯಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ಕೆಂಡಲ್ ನಮಗೆ ಮಾಡುವ ಉಪಕಾರ. ಲಾರಿ ನಿಲ್ಲುವ ಕಟ್ಟೆಯ ನೆಲಕ್ಕೆ ಸೋಪಿನ ನೀರು ಸುರಿದು, ಆ ತುದಿಯಲ್ಲಿ ಹತ್ತು ಸೋಡಾ ಬಾಟಲಿ ನಿಲ್ಲಿಸುತ್ತಾರೆ. ಈ ತುದಿಯಿಂದ ನಾವು ಕಲ್ಲಿನಂತೆ ಹೆಪ್ಪುಗಟ್ಟಿದ ಟರ್ಕಿಯನ್ನು ನೆಲದ ಮೇಲೆ ಜಾರಿಸಬೇಕು. ಹತ್ತೂ ಬಾಟಲಿ ಉರುಳಿದರೆ ಆ ಹಕ್ಕಿ ನಿಮ್ಮ ಮನೆಗೆ. ಉಳಿದವರು ಚಪ್ಪಾಳೆ ತಟ್ಟಿ ಬರಿಗೈಯಲ್ಲಿ ಹೋಗುವುದು. ಸುತ್ತಮುತ್ತ ಬೇರೆ ಕಂಪನಿಗಳಲ್ಲಿ ತಲೆಗೊಂದು ಹಕ್ಕಿ ಸುಮ್ಮನೆ ಕೊಡುತ್ತಾರೆ. ನಮ್ಮ ದೊರೆಗೆ ನಾವು ಬಗ್ಗಿ ಜಾರಿ ಬೀಳುವುದನ್ನು ನೋಡದೆ ಹಬ್ಬವೇ ಆಗುವುದಿಲ್ಲ. ಫೋನಿನಲ್ಲಿ ವಿಡಿಯೋ ತೆಗೆಯಲು ಹೆಂಡತಿಯನ್ನೂ ಕರೆತರುತ್ತಾನೆ.

ಬೆಲ್ಟು ನಿಂತಿತು. ನಾನು ಮರೆಯಲ್ಲಿ ಒರಾಲಿಯಾಳ ಕೈಯ ಟೇಪು ಬಿಚ್ಚಿದೆ. ಎಲ್ಲರೂ ಕಟ್ಟೆಗೆ ಹೋಗಿ ಚಳಿಯಲ್ಲಿ ಸಾಲಾಗಿ ನಿಂತೆವು. ಕೆಂಡಲ್ ಟರ್ಕಿಯ ಆಕಾರದ ಟೋಪಿ ಹಾಕಿಕೊಂಡು ಬಂದಿದ್ದ. ಆ ಟೋಪಿ ಅವನಿಗೆ ಒಪ್ಪುತ್ತಿತ್ತು ಎಂಬುದನ್ನು ಒಪ್ಪಲೇಬೇಕು.

“ನೋಡ್ರಪ್ಪ, ಇದು ಬರೀ ಕಂಪನಿ ಅಲ್ಲ, ನಾವೆಲ್ಲ ಒಂದೇ ಮನೆಯವ್ರು” ಎಂದ. “ಗ್ಲೌಸ್ ಬಿಚ್ಚಿ. ಬರಿಗೈಯಲ್ಲಿ ಆಡ್ಬೇಕು. ವಿಡಿಯೋದಲ್ಲಿ ಚೆನ್ನಾಗ್ ಕಾಣ್ಬೇಕು.”

“ಒಂದೇ ಮನೆಯಂತೆ” ಎಂದು ಹೋಡಾನ್ ನನ್ನ ಕಿವಿಯಲ್ಲಿ ಗೊಣಗಿದಳು. “ಹಂಗಾದ್ರೆ ನಾಳಿಕ್ಕೆ ಊಟಕ್ಕೆ ಅವ್ನ ಮನೆಗೇ ಹೋಗವಾ? ಈ ಹಕ್ಕೀನ ನಮ್ಮನೇಲಿ ಯಾರೂ ಮುಟ್ಟಲ್ಲ, ನಮ್ ಪದ್ಧತೀಲಿ ಕುಯ್ದಿಲ್ಲ. ಗೆದ್ರೆ ಅವ್ನ ತಲೆ ಮೇಲೇ ಎತ್ತಾಕ್ತೀನಿ.”

ನಾನು ನಕ್ಕೆ. ಅಷ್ಟರಲ್ಲಿ ಕರ್ಟ್ ಕೂಗಿದ. “ಮೊದ್ಲು ಒರಾಲಿಯಾ!”

ಯಾವತ್ತೂ ಮೊದಲು ಗಂಡಸರನ್ನು ಕರೆಯುತ್ತಿದ್ದ. ನನ್ನ ನಗು ಅಲ್ಲೇ ನಿಂತಿತು. ಹಕ್ಕಿಯ ಸುತ್ತ ಹಿಡಿದೆತ್ತಲು ಒಂದು ಬಲೆ ಇರುತ್ತದೆ. ಅವಳು ಎಡಗೈಯನ್ನು ಅದಕ್ಕೆ ಹಾಕುವ ಮುಂಚೆಯೇ ಕರ್ಟ್ ಬಲೆಯನ್ನು ಕತ್ತರಿಸಿ ಎಸೆದ. “ಬಲೆ ಹಿಡ್ದ್ರೆ ಮೋಸ. ಬಲಗೈಯಲ್ಲಿ ಎತ್ತು, ನೋಡಣ.”

ಪ್ಲಾಸ್ಟಿಕ್ಕಿನೊಳಗೆ ಹೆಪ್ಪುಗಟ್ಟಿದ ಹಕ್ಕಿ ಕೈಗೆ ಸಿಗದಷ್ಟು ನುಣುಪು. ಅವಳು ಬಗ್ಗಿದಳು, ಎತ್ತಿದಳು. ಅದು ಜಾರಿ ಅವಳ ಬೂಟಿನ ಮೇಲೇ ಬಿತ್ತು. ಮಾಲೀಕನ ಹೆಂಡತಿ ಕಿಸಕ್ಕನೆ ನಕ್ಕಳು. “ಇನ್ನೊಂದ್ ಸಲ!” ಎಂದ ಕೆಂಡಲ್. ಮತ್ತೆ ಬಿತ್ತು. “ಇನ್ನೊಂದ್ ಸಲ, ಬಿಡಬೇಡ!” ಈಗ ನಮ್ಮವರಲ್ಲೂ ಒಂದಿಬ್ಬರು ನಕ್ಕರು. ಅವರ ಹೆಸರು ಹೇಳುವುದಿಲ್ಲ, ಅವರ ನಗುವಿನ ಹಿಂದೆ ಇದ್ದದ್ದೂ ಹೆದರಿಕೆಯೇ. ಮೂರನೇ ಸಲ ಒರಾಲಿಯಾ ಸೋಪಿನ ನೀರಲ್ಲಿ ಮೊಣಕಾಲೂರಿ ಬಿದ್ದಳು.

ಕೆಂಡಲ್ ಮುಂದೆ ಬಂದು, ದೊಡ್ಡ ಮನುಷ್ಯನ ಹಾಗೆ ಅವಳನ್ನು ಎಬ್ಬಿಸಿ ಕೈಕುಲುಕಿದ. ಕುಲುಕಿದವನು ಕೈ ಬಿಡಲಿಲ್ಲ.

“ಎಲ್ಲಿ, ನನ್ ಕೈ ಗಟ್ಟಿಯಾಗ್ ಹಿಡಿ.”

ಅವಳ ಬೆರಳು ಅವನ ಕೈಯೊಳಗೆ ಸುಮ್ಮನೆ ಬಿದ್ದುಕೊಂಡಿದ್ದವು.

“ಹಿಡಿ ಅಂದೆ.” ಅವನು ಕರ್ಟ್‌ನ ಮುಖ ನೋಡಿದ. ಕರ್ಟ್ ತಲೆಯಾಡಿಸಿದ. ಸಂತೆಯಲ್ಲಿ ದನದ ಬಾಯಿ ಬಿಡಿಸಿ ಹಲ್ಲು ನೋಡಿದ ದಲ್ಲಾಳಿಗಳ ಹಾಗಿದ್ದರು ಇಬ್ಬರೂ.

“ಪಾಪ, ಸುಸ್ತಾಗಿದೆ. ಆಫೀಸಿಗ್ ಹೋಗಮ್ಮ, ಕರ್ಟ್ ಬರ್ತಾನೆ. ಬೂಟು, ಏಪ್ರನ್ನು ಬಿಚ್ಚಿಟ್ಟು ಹೋಗು” ಎಂದ ಕೆಂಡಲ್. ಆಮೇಲೆ ಹೆಂಡತಿಯ ಕಡೆ ತಿರುಗಿ, “ಇದನ್ನ ವಿಡಿಯೋದಿಂದ ತೆಗೆದ್ಬಿಡು” ಎಂದ.

 

“ಮುಂದೆ ಲೋರೀನ್!” ಎಂದ ಕರ್ಟ್. ನಾನು ಹೋದೆ. ಹಕ್ಕಿಯನ್ನು ಎತ್ತಲಿಲ್ಲ.

“ನನ್ ಕೈಯೂ ಮಡಚಲ್ಲ ಕೆನ್ನಿ” ಎಂದೆ. ಶಾಲೆಯ ಹೆಸರಿನಿಂದ ಅವನನ್ನು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ. “ಬಾ, ಹಿಡ್ದು ನೋಡು. ಇಲ್ಲಿರೋ ಎಲ್ಲಾರ್ ಕೈಯೂ ಹಿಡ್ದು ನೋಡು. ನಿಮ್ಮಪ್ಪನ್ ಕಾಲ್ದಿಂದ ನಿಮಗೋಸ್ಕರಾನೇ ಸವೆಸಿರೋ ಕೈಗಳು.”

“ಹಬ್ಬದ ಹೊತ್ನಲ್ಲಿ ರಗಳೆ ಬೇಡ ಲೋರೀನ್.”

“ರಗಳೆ ಮಾಡಿದ್ದು ನೀನು ಕಣೋ, ಮುಂಡೇಮಗನೆ. ಕೈ ಕುಲುಕೋ ನೆಪದಲ್ಲಿ ಕೆಲ್ಸ ಕಿತ್ಕೊಂಡೆ.”

ಯಾರೂ ನಗಲಿಲ್ಲ. ಕರ್ಟ್ ಮುಂದಿನವನ ಹೆಸರು ಕೂಗಿದ, ಅವನು ಬರಲಿಲ್ಲ. ಅದರ ಮುಂದಿನವನು ಬಂದು ಹಕ್ಕಿಯನ್ನೊಮ್ಮೆ ನೋಡಿ ವಾಪಸ್ಸು ಹೋದ. ಕೊನೆಗೆ ಕರ್ಟ್ ತಾನೇ ಒಂದು ಹಕ್ಕಿ ಎತ್ತಿ ಜಾರಿಸಿದ. ಹತ್ತೂ ಬಾಟಲಿ ಉರುಳಿದವು. ಚಪ್ಪಾಳೆ ತಟ್ಟಿದ್ದು ಮಾಲೀಕನ ಹೆಂಡತಿ ಒಬ್ಬಳೇ. ಗೆದ್ದ ಹಕ್ಕಿಯನ್ನು ಎದೆಗೆ ಅಪ್ಪಿಕೊಂಡು ಎಲ್ಲಿಡುವುದೆಂದು ತಿಳಿಯದೆ ನಿಂತ ಕರ್ಟ್‌ನನ್ನು ನೋಡಿ ಹೋಡಾನ್ ಗಟ್ಟಿಯಾಗಿಯೇ, “ಕೂಸು ಚೆನ್ನಾಗೈತೆ, ನಿನ್ನಂಗೇ ಐತೆ” ಎಂದಳು.

ಸೈರನ್ ಕೂಗಿತು. ನಾಳೆ ಹಬ್ಬವಾದರೂ ಸಂಜೆಯ ಲಾರಿಗೆ ಮಾಲು ತುಂಬಲೇಬೇಕು. ನಾವು ಸಾಲಿಗೆ ಮರಳಿದೆವು. ಒರಾಲಿಯಾ ಆಫೀಸಿಗೆ ಹೋಗಿರಲಿಲ್ಲ. ಬೂಟು, ಏಪ್ರನ್ನು ಯಾವುದನ್ನೂ ಬಿಚ್ಚಿರಲಿಲ್ಲ. ತನ್ನ ಜಾಗದಲ್ಲಿ ನಿಂತು, ಬೆಲ್ಟಿನ ಅಂಚಿನ ಉಕ್ಕಿನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಬಲಗೈ ಊದಿ ಕೆಂಪಾಗಿತ್ತು. ಇಷ್ಟು ತಿಂಗಳು ಬಚ್ಚಿಟ್ಟದ್ದನ್ನು ಈಗ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಳು.

“ಹೋಗಲ್ಲ ಅಕ್ಕ” ಎಂದಳು. “ಇಲ್ಲಿ ಕೆಟ್ಟಿದ್ದು, ಇಲ್ಲೇ ಇರ್ತೈತೆ.”

ನಾನು ಚಾಕು ಕೆಳಗಿಟ್ಟು ನನ್ನ ಕೈಗಳನ್ನೂ ಅವಳ ಕೈಗಳ ಪಕ್ಕ ಇಟ್ಟೆ.

ಎಲ್ಲರೂ ಹಾಗೇ ಮಾಡಿದರು ಎಂದರೆ ಸುಳ್ಳಾಗುತ್ತದೆ. ಎಷ್ಟೋ ಜನ ಚಾಕು ಹಿಡಿದು, ಕಣ್ಣು ಕೆಳಗೆ ಹಾಕಿ ಕಾದರು. ಆದರೆ ನಮ್ಮ ಸಾಲಿನಲ್ಲಿ ಬಲರೆಕ್ಕೆ ಬಿಡಿಸುವವಳು ಅವಳು, ಎಡರೆಕ್ಕೆ ಬಿಡಿಸುವವಳು ನಾನು. ರೆಕ್ಕೆ ಹೋಗದೆ ಎದೆಗೆ ಚಾಕು ಹಾಕಲು ಬರುವುದಿಲ್ಲ. ಬೆಲ್ಟು ಮತ್ತೆ ಓಡತೊಡಗಿ, ಮೊದಲ ಹಕ್ಕಿ ರೆಕ್ಕೆಗಳ ಸಮೇತ ಹೋಡಾನ್‌ಳ ಮುಂದೆ ಬಂತು. ಅವಳು ಅದನ್ನು ನೋಡಿ, ಚಾಕುವನ್ನು ಏಪ್ರನ್ನಿಗೆ ಒರೆಸಿ ಬದಿಗಿಟ್ಟಳು.

“ಏಯ್! ಕೈ ಆಡ್ಸ್ರೇ!” ಕರ್ಟ್ ಕಟ್ಟೆಯ ಕಡೆಯಿಂದಲೇ ಕಿರುಚಿದ. ತಲೆಯ ಮೇಲಿನ ಟೋಪಿ ತೆಗೆಯಲೂ ಮರೆತು ಕೆಂಡಲ್ ಓಡಿಬಂದ.

ಬೆಲ್ಟು ನಿಲ್ಲಲಿಲ್ಲ. ರೆಕ್ಕೆಗಳ ಸಮೇತ ಹಕ್ಕಿಗಳು ನಮ್ಮ ಕೈಗಳ ಮುಂದೆಯೇ ಹಾದು ಸಾಲಿನ ತುದಿಗೆ ಹೋಗಿ, ಒಂದೊಂದಾಗಿ ನೆಲಕ್ಕೆ ಬೀಳತೊಡಗಿದವು.