ಬಿಲ್ ಇಲ್ಲದ ಅಕ್ಷರ

ಬೆಲೆ ಕೊಟ್ಟು ತಂದದ್ದೇ ವಿದ್ಯೆ, ಬಿಟ್ಟಿ ಬಂದದ್ದೆಲ್ಲ ಕದ್ದ ಮಾಲು ಎಂದು ನಿಮಗೆ ಕಲಿಸಿದವರು ಯಾರು?

ಕೊಡಗಿನ ಅಮ್ಮತ್ತಿಯ ಆಚೆಗಿನ ಒಂದು ಸರ್ಕಾರಿ ಶಾಲೆಯಲ್ಲಿ, ದಾನವಾಗಿ ಬಂದ ನಾಲ್ಕು ಕಂಪ್ಯೂಟರ್‌ಗಳು ಆಯುಧಪೂಜೆಯ ಕುಂಕುಮ ಹೊತ್ತು ಸುಮ್ಮನೆ ಕುಳಿತಿದ್ದವು. ಅವುಗಳೊಳಗಿನ ಪಾಠದ ತಂತ್ರಾಂಶದ ಅವಧಿ ಮುಗಿದು, ಪರದೆ 'ಕೀ' ಎಂಬ ಪರವಾನಗಿ ಸಂಖ್ಯೆ ಕೇಳುತ್ತಿತ್ತು. ಮುಖ್ಯೋಪಾಧ್ಯಾಯ ಶಿವಶಂಕರಪ್ಪನವರು 'ಕಂಪ್ಯೂಟರಿನ ಕೀ ಒದಗಿಸಬೇಕು' ಎಂದು ಮೇಲಿನ ಕಚೇರಿಗೆ ಬರೆದರು. ಎರಡು ತಿಂಗಳಾದ ಮೇಲೆ ಅಲ್ಲಿಂದ ಒಂದು ಬೀಗವೂ ಎರಡು ಬೀಗದ ಕೈಗಳೂ ಬಂದವು.

ಸಹಶಿಕ್ಷಕಿ ವಿನುತಾಳಿಗೆ ನಗು ಬರಲಿಲ್ಲ. ಕಾಫಿ ಎಸ್ಟೇಟಿನ ಕೂಲಿ ಲೈನಿನ ಕಾಳನ ಮಗಳು ಯಮುನ ನಾಲ್ಕನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಲಾರಳು. ಕಾಫಿ ಹಣ್ಣಿನ ಪಿಕಿಂಗ್ ಮುಗಿದೊಡನೆ ಆ ಕುಟುಂಬ ಬೇರೆ ಎಸ್ಟೇಟಿಗೆ ಹೊರಡುವುದು. ಉಳಿದದ್ದು ಆರೇ ವಾರ. ಅಷ್ಟರೊಳಗೆ ಅವಳಿಗೆ ಓದು ಹತ್ತಿಸಲೇಬೇಕೆಂದು ವಿನುತಾ ಹುಡುಕಿ ಹುಡುಕಿ, ಕೀ ಕೇಳದ, ಇಂಟರ್‌ನೆಟ್ಟೂ ಬೇಡದ ಉಚಿತ ತಂತ್ರಾಂಶವೊಂದನ್ನು ಪೆನ್‌ಡ್ರೈವಿನಲ್ಲಿ ತಂದಳು. ಅಕ್ಷರ ಒತ್ತಿದರೆ ಅದು ಕನ್ನಡದಲ್ಲಿ ಉಲಿಯುತ್ತಿತ್ತು.

ಮೂರನೆಯ ವಾರ ಕಾಳ ಬಾಗಿಲಲ್ಲಿ ನಿಂತು ಹಲ್ಲು ಕಿರಿದ. "ಟೀಚರಮ್ಮ, ಮಗು ಅಂಗಡಿ ಬೋರ್ಡ್ ಓದ್ತದೆ. ಕಾಳನ ಮಗಳು ಎಸ್ಟೇಟಿಗೆ ಲೆಕ್ಕ ಬರೆಯೋ ರೈಟರ್ ಆಗ್ತಾಳೆ ಅಂತ ಲೈನಿನವರೆಲ್ಲ ನಗಾಡ್ತಾರೆ."

ಮರುದಿನವೇ ತಪಾಸಣೆಗೆ ಶಿಕ್ಷಣ ಕಚೇರಿಯ ಅಧಿಕಾರಿ ಬಂದರು.

"ಇದರ ಬಿಲ್ ಎಲ್ಲಮ್ಮ?"

"ಉಚಿತ ಸರ್, ಬಿಲ್ ಇರಲ್ಲ."

"ಬಿಟ್ಟಿನಾ? ಹಾಗಾದ್ರೆ ಕದ್ದಿದ್ದೇ."

"ಅಲ್ಲ ಸರ್. ಯಾರು ಬೇಕಾದ್ರೂ ಬಳಸಿ, ಹಂಚಿ ಅಂತ ಮಾಡಿದವರೇ ಇಲ್ಲಿ ನಾಲ್ಕು ಸಾಲು ಬರ್ದಿದ್ದಾರೆ, ನೋಡಿ."

"ಇಂಗ್ಲಿಷಲ್ಲಿ ಏನು ಬೇಕಾದ್ರೂ ಬರೀತಾರೆ. ಶಿವಶಂಕರಪ್ಪನೋರೇ, ನಿವೃತ್ತಿಗೆ ಎಷ್ಟು ವರ್ಷ ಇದೆ ನಿಮಗೆ?"

ಶಿವಶಂಕರಪ್ಪನವರು ವಿನುತಾಳತ್ತ ತಿರುಗಿದರು. "ಅಳಿಸಿಬಿಡಮ್ಮ," ಎಂದರು.

ವಿನುತಾ ತನ್ನ ಕೈಯಾರೆ ಅಳಿಸಿದಳು. ಆ ಕೈಯನ್ನು ಅವಳು ಇಂದಿಗೂ ಕ್ಷಮಿಸಿಲ್ಲ.

ಮರುದಿನ ಬರಿದಾದ ಪರದೆಯ ಮುಂದೆ ನಿಂತು ಯಮುನ ಕೇಳಿದಳು: "ಟೀಚರ್, ನಾನು ಯಾವ್ದನ್ನ ತಪ್ಪು ಒತ್ತಿದೆ?"

ಐದು ತರಗತಿ, ಒಂದೇ ಕರಿಹಲಗೆ. ಉಳಿದ ಮೂರು ವಾರ ವಿನುತಾ ಸೀಮೆಸುಣ್ಣ ಸವೆಸಿದಳು. ಯಮುನಳ ಓದು ಒತ್ತಕ್ಷರದ ಹೊಸ್ತಿಲಲ್ಲೇ ನಿಂತಿತು. ಒಂದು ಬೆಳಿಗ್ಗೆ, ಯಾರಿಗೂ ಹೇಳದೆ, ಲೈನಿನ ಜನ ಜೀಪು ಹತ್ತಿ ಹೊರಟುಹೋದರು. ಹಾಜರಿ ಪುಸ್ತಕದಲ್ಲಿ ಯಮುನಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳ ಸಾಲು ಬೆಳೆಯಿತು.

ಓದುಗರೇ, ನಿಮ್ಮ ಮರುಕ ಬೇಡ. ಇಂಥ ತಂತ್ರಾಂಶಗಳ ಅನುಮತಿಯ ಆ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆಯಿರಿ; ನಿಮ್ಮೂರಿನ ಶಿಕ್ಷಣ ಕಚೇರಿಗೆ ಹೋಗಿ, ಒಪ್ಪಿಗೆಯ ಮೊಹರು ಬೀಳುವವರೆಗೂ ಮೇಜಿನ ಮುಂದಿನಿಂದ ಕದಲಬೇಡಿ.