ಹದಿನೇಳು ಸೆಕೆಂಡುಗಳ ದನಿ

ಮುಂಗೋಣೆಯ ನಡುವೆ ಉದ್ದನೆಯ ಬೆಂಚು. ಅದರ ಮೇಲೆ ಬಿಳಿಯ ಹೊದಿಕೆ. ಹೊದಿಕೆಯಿಂದ ಮುಖವಷ್ಟೇ ಹೊರಗೆ. ಮೂಗಿನ ಎರಡೂ ಬದಿಗೆ ಮೂವತ್ತು ವರ್ಷ ಕನ್ನಡಕ ಕೂತು ಮೂಡಿಸಿದ ತಗ್ಗು. ಕಿಟಕಿಯ ಬೆಳಕು ಆ ತಗ್ಗುಗಳಲ್ಲಿ ಹನಿ ನೀರಿನಂತೆ ತಂಗಿತ್ತು. ಅಳು ಬೆಳಗ್ಗೆಯೇ ಮುಗಿದಿತ್ತು. ಶವ ಒಯ್ಯುವ ವಾಹನ ಬರಬೇಕಿತ್ತು.

"ನಮ್ಮ 'ಮುಟ್ಬೇಡಪ್ಪ' ಇವತ್ತು ಎಲ್ಲರ ಕೈಲೂ ಮುಟ್ಟಿಸ್ಕೊಂಡ್ರು ನೋಡಿ," ಎಂದರು ಠಾಣೆಯ ಹಳೆಯ ದಫೇದಾರರು.

"ಮೆಲ್ಲಗೆ ದಫೇದಾರ್ರೇ, ಅಕ್ಕ ಇದಾರೆ," ಎಂದಳು ತೀರಿಕೊಂಡವರ ಸಹಾಯಕಿ.

"ಇರಲಿ ಬಿಡೇ," ಎಂದರು ಅವರ ಹೆಂಡತಿ. "ಮದುವೆಯಾದ ಹೊಸದರಲ್ಲಿ ರೇಡಿಯೋ ಕೆಟ್ಟಾಗ ನನ್ನನ್ನೇ ಕೋಣೆಯಿಂದಾಚೆ ಕಳಿಸಿದ್ರು, ಮುಟ್ಟಿಬಿಟ್ಟೇನು ಅಂತ."

ತೀರಿಕೊಂಡವರು ಪೊಲೀಸರ ಪ್ರಯೋಗಾಲಯದಲ್ಲಿ ಅಪರಾಧ ಪ್ರಕರಣಗಳ ಕಂಪ್ಯೂಟರು, ಫೋನುಗಳನ್ನು ಪರೀಕ್ಷಿಸುತ್ತಿದ್ದವರು. ಮೂಲವನ್ನು ಮುಟ್ಟಬೇಡಿ, ನಕಲು ತೆಗೆದು, ನಕಲನ್ನೇ ನೋಡಿ. ಕಲಿಯಲು ಬಂದ ಪ್ರತಿಯೊಬ್ಬರಿಗೂ ಇದೇ ಮೊದಲ ಪಾಠ; ಅಡ್ಡಹೆಸರು ಬಂದದ್ದೂ ಇದರಿಂದಲೇ.

ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಾಗಿಲಿಗೆ ಬಂದು ನಿಂತಳು. ಸಹಾಯಕಿ ಆಕೆಯನ್ನು ಕೂಡಲೇ ಗುರುತಿಸಿದಳು.

* * *

ಆರು ವರ್ಷದ ಹಿಂದೆ ಆಕೆ ಪ್ರಯೋಗಾಲಯದ ಮೇಜಿನೆದುರು ಹೀಗೆಯೇ ನಿಂತಿದ್ದಳು. ಚಿತ್ರಗಳನ್ನು ತಿರುಚಿ ಬೆದರಿಸಿದವನೊಬ್ಬನಿಂದಾಗಿ ಮಗಳು ಪ್ರಾಣ ಕಳೆದುಕೊಂಡು ಒಂಬತ್ತು ದಿನ. ಬೆದರಿಕೆಗಳೆಲ್ಲ ಮಗಳ ಫೋನಿನಲ್ಲಿದ್ದವು. ಫೋನು ಸಿಗ್ನಲ್ ತಡೆಯುವ ಚೀಲದಲ್ಲಿತ್ತು. ನಕಲು ಇನ್ನೂ ತೆಗೆದಿರಲಿಲ್ಲ.

"ಅವಳ ದನಿ ಅದರಲ್ಲಿದೆ ಸಾರ್. ಒಂದೇ ಒಂದ್ಸಲ ಕೇಳಿಸಿ."

"ನಾಳಿದ್ದು ಬನ್ನಿ ತಾಯಿ."

ಆಕೆ ಕದಲಲಿಲ್ಲ. ಊಟದ ಹೊತ್ತು ಕಳೆಯಿತು. ಕೊನೆಗೆ ಅವರು, ಯಾರನ್ನೂ ನೋಡದೆ, ಚೀಲ ಬಿಚ್ಚಿ ಫೋನನ್ನು ಹೊರತೆಗೆದು, ಮಗಳ ದನಿಯನ್ನು ಹಚ್ಚಿದರು.

"ಕೇಳಿಸ್ತಿದೆಯಾ? ಅದು ನಮ್ಮಮ್ಮನ ಮಿಷನ್ನು. ಅಮ್ಮ ಬೈಯೋದು ನಿಲ್ಸಿದ್ರೂ ಅದು ನಿಲ್ಸಲ್ಲ!" ಆಮೇಲೆ ನಗು. ಒಟ್ಟು ಹದಿನೇಳು ಸೆಕೆಂಡು.

ಅಷ್ಟರಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತ್ತು. ಹುಡುಗಿಯ ಪಾಸ್‌ವರ್ಡು ಕದ್ದಿದ್ದವನು, ಎಲ್ಲವನ್ನೂ ಅಳಿಸುವ ಆಜ್ಞೆಯನ್ನು ದೂರದಿಂದಲೇ ಕೊಟ್ಟು ಕಾದಿದ್ದ. ಪರದೆ ಬಿಳಿಚಿತು, ಕಪ್ಪಾಯಿತು.

"ಬ್ಯಾಟರಿ ಮುಗೀತು ತಾಯಿ," ಎಂದರು. ಅದು ಸುಳ್ಳೆಂದು ಪಕ್ಕದಲ್ಲಿದ್ದ ಸಹಾಯಕಿಗೆ ತಿಳಿಯಿತು.

ಸಾಕ್ಷ್ಯವಿಲ್ಲದೆ ಆತ ಬಿಡುಗಡೆಯಾದ.

* * *

ಆಕೆ ಶವಕ್ಕೆ ಕೈಮುಗಿದು ಸಹಾಯಕಿಯ ಪಕ್ಕ ಕೂತಳು.

"ಲ್ಯಾಬಲ್ಲಿ ಯಾರೋ ತಪ್ಪು ಮಾಡಿದ್ರು ಅಂತ ಕೋರ್ಟಲ್ಲಿ ಅಂದ್ರು. ಯಾರು ಅಂತ ಇವರನ್ನ ಕೇಳ್ತಾನೇ ಇದ್ದೆ. 'ಹೇಳ್ತೀನಿ ತಾಯಿ, ಇನ್ನೊಂದ್ಸಲ' ಅಂತಿದ್ರು. ಹೇಳದೇ ಹೋದ್ರು. ನೀವೂ ಅಲ್ಲೇ ಇದ್ರಲ್ಲಮ್ಮ. ಹೇಳಿ."

ಹೆಂಡತಿ ತಲೆ ತಗ್ಗಿಸಿದರು. ಗಂಡ ಹೇಳಿ ಅವರಿಗೂ ಗೊತ್ತಿತ್ತು.

"ಅಷ್ಟು ಜನರಲ್ಲಿ ಮನುಷ್ಯರು ಅಂತ ಇದ್ದೋರು ಇವರೊಬ್ರೇ. ಆವತ್ತು ದನಿ ಕೇಳಿಸಿದ್ರಲ್ಲ, ಅದರ ಮೇಲೇ ಬದುಕಿದೀನಿ."

ಸಹಾಯಕಿಯ ಬಾಯಲ್ಲಿ ಮಾತು ಬಿಸಿ ತುತ್ತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಆ ದನಿಯೇ ಎಲ್ಲವನ್ನೂ ಅಳಿಸಿತೆಂದು ಈ ತಾಯಿಗೆ ಯಾವ ನಾಲಿಗೆಯಿಂದ ಹೇಳುವುದು?

"ಯಂತ್ರ ಕೆಟ್ಟಿತ್ತಮ್ಮ. ಯಾರದೂ ತಪ್ಪಲ್ಲ."

"ಯಂತ್ರಾನಾ?"

ಆಕೆ ತನ್ನ ಸೂಜಿಗಾಯದ ಬೆರಳುಗಳನ್ನೇ ನೋಡಿಕೊಂಡಳು.

"ಆರು ವರ್ಷ ದಿನಾ ಬೆಳಗ್ಗೆದ್ದು ಲ್ಯಾಬಲ್ಲಿ ತಪ್ಪು ಮಾಡಿದ ಆ ಪಾಪೀನ ಶಪಿಸ್ತಿದ್ದೆ. ಮಗಳನ್ನ ಕೊಂದೋನಿಗಿಂತ ಜಾಸ್ತಿ. ಇನ್ನು ಎದ್ದು ಏನು ಮಾಡ್ಲಿ?"

ದಫೇದಾರರು ಕೆಮ್ಮಿದರು. ಹೊರಗೆ ವಾಹನ ಬಂದು ನಿಂತ ಸದ್ದಾಯಿತು.

ಆಕೆ ಎದ್ದಳು; ಚಪ್ಪಲಿಗಾಗಿ ಕಾಲಲ್ಲೇ ತಡಕಿ, ಹೊಸ್ತಿಲು ದಾಟಿದಳು. ಸ್ಪ್ರಿಂಗಿನ ಬಾಗಿಲು ಆಕೆಯ ಹಿಂದೆ ತಾನಾಗಿ ಸರಿದು, ಮೆಲ್ಲಗೆ ಮುಚ್ಚಿಕೊಂಡಿತು.